ಸ್ಪಷ್ಟನೆ: ಜನರನ್ನು ಕೆರಳಿಸಿದ್ದು ವಾಟ್ಸಾಪ್ ಒಂದೇ ಅಲ್ಲ
‘ದ್ವೇಷ ಶುರುವಾಗಿದ್ದೇ ವಾಟ್ಸಾಪ್‌ನಿಂದ, ಅದಕ್ಕೂ ಮೊದಲು ಬೆಂಗಳೂರು ತಣ್ಣಗಿತ್ತು’ ಎಂಬ ಸಂದೇಶ ಬಡಾವಣೆಯ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. 1994ರ ಅಕ್ಟೋಬರ್‌ನಲ್ಲಿ ದೂರದರ್ಶನದ 10 ನಿಮಿಷದ ಉರ್ದು ವಾರ್ತೆಯ ವಿಚಾರಕ್ಕೆ ಇದೇ ಊರಿನಲ್ಲಿ ಗಲಭೆಯಾಗಿ 20ಕ್ಕೂ ಹೆಚ್ಚು ಜನ ಸತ್ತರು. ಆಗ ಯಾರ ಕೈಯಲ್ಲಿ ಮೊಬೈಲ್ ಇತ್ತು?

ಅದೇ ವರ್ಷ ಆಫ್ರಿಕಾದ ರುವಾಂಡಾದಲ್ಲಿ ಅಲ್ಪಸಂಖ್ಯಾತ ಟುಟ್ಸಿ ಸಮುದಾಯದ ನರಮೇಧ ನಡೆಯಿತು. ಅಲ್ಲಿನ ಆರ್‌ಟಿಎಲ್‌ಎಂ ಎಂಬ ರೇಡಿಯೊ ಕೇಂದ್ರ ಜನ ಮೆಚ್ಚಿದ ಹಾಡು, ಹರಟೆಗಳ ನಡುವೆ ಟುಟ್ಸಿಗಳನ್ನು ‘ಜಿರಳೆಗಳು’ ಎಂದು ಕರೆಯುತ್ತಿತ್ತು. ಹಾಡು ಕೇಳಲು ಕೂತವರ ಕಿವಿಗೆ ಆ ಬೈಗುಳವೂ ದಿನಾ ಬೀಳುತ್ತಿತ್ತು. ನನಗೆ ಜಾಸ್ತಿ ಭಯ ಹುಟ್ಟಿಸುವುದು ಇದೇ.

2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಹೆದರಿ ಬೆಂಗಳೂರಿನಿಂದ ರೈಲು ಹತ್ತಿದರಲ್ವಾ? ಆಗ ಅವರ ಮೇಲೆ ದಾಳಿ ನಡೆಯುತ್ತದೆ ಎಂಬ ಸುಳ್ಳು ಸುದ್ದಿ ಎಸ್ಸೆಮ್ಮೆಸ್‌ನಲ್ಲೂ ಹರಡಿತ್ತು. ಅದಕ್ಕೇ ಕೇಂದ್ರ ಸರ್ಕಾರ ದಿನಕ್ಕೆ 5 ಎಸ್ಸೆಮ್ಮೆಸ್ ಎಂದು ಕೆಲವು ದಿನ ಮಿತಿ ಹಾಕಿತ್ತು.