ದಂತ ಅದಲುಬದಲು, ಬಿಲ್ಲು ಮಾತ್ರ ಸರಿ

ಮೈಸೂರಿನ ಪಾರ್ಕಿಗೆ ಮ್ಯಾಮತ್, ಅಂದರೆ ಎಂದೋ ಅಳಿದುಹೋದ ರೋಮದಾನೆಯ ಫೈಬರ್ ಅಸ್ಥಿಪಂಜರ, ಬಂದಿದ್ದು ನಿಮಗೆಲ್ಲ ಗೊತ್ತೇ ಇದೆ. ‘ಮ್ಯೂಸಿಯಂ ಗುಣಮಟ್ಟದ ಅಸ್ಥಿಪಂಜರ’ ಅಂತ ಟೆಂಡರಿನಲ್ಲೇ ಇತ್ತಂತೆ. ಇರಬಹುದು ಸ್ವಾಮಿ, ಯಾವ ಮ್ಯೂಸಿಯಂ ಅಂತ ಬರೆದಿರಲಿಲ್ಲ, ಅಷ್ಟೇ.

ದಸರಾ ಆನೆ ಎಷ್ಟು ಕೆಜಿ ದಪ್ಪಗಾಯಿತು ಅಂತ ಪೇಪರಿನಲ್ಲಿ ಓದಿಕೊಂಡು ಕಾಫಿ ಕುಡಿಯುವ ಊರು ಇದು. ಇಂಥ ಊರಲ್ಲಿ ಪಕ್ಕೆಲುಬೆಲ್ಲ ಒಂದೇ ಅಳತೆಯ ಆನೆ ನಿಲ್ಲಿಸಲು ಗುಂಡಿಗೆ ಬೇಕು. ಆನೆ ಜಾತಿಗೆ 19-20 ಜೊತೆ ಪಕ್ಕೆಲುಬು. ಒಂದರಂತೆ ಇನ್ನೊಂದಿಲ್ಲ, ಎಡದ್ದು ಬಲಕ್ಕೆ ಕೂರುವುದಿಲ್ಲ. ನಮ್ಮವರು ಒಂದೇ ಅಚ್ಚಿನಲ್ಲಿ ಇಡ್ಲಿ ಹುಯ್ದಂತೆ ಹುಯ್ದು ತೆಗೆದಿದ್ದಾರೆ.

ಸರಿಯಾಗಿ ಮಾಡುವ ಕ್ರಮವೇನೂ ಗುಟ್ಟಲ್ಲ. ಮೂಲ ಮೂಳೆಗೆ ಸಿಲಿಕೋನ್ ರಬ್ಬರನ್ನು ಪದರಪದರವಾಗಿ ಹಚ್ಚಿ, ಅದು ಜೋಲದಂತೆ ಹೊರಗೊಂದು ಗಟ್ಟಿ ಕವಚ ಕೊಡಬೇಕು. ಆ ಅಚ್ಚಿನೊಳಗೆ ಪಾಲಿಯೆಸ್ಟರ್ ರೆಸಿನ್ ಎಂಬ ಅಂಟುದ್ರವ, ಗ್ಲಾಸ್ ಫೈಬರ್ ಮ್ಯಾಟ್. ಎರಡು ಹೋಳು ಕೂಡುವಲ್ಲಿ ಏಳುವ ಗೆರೆಯನ್ನು ಉಜ್ಜಿ ತೆಗೆಯಬೇಕು. ಇಲ್ಲಿ ತೊಡೆಮೂಳೆಯುದ್ದಕ್ಕೂ ಆ ಗೆರೆ ಪ್ಯಾಂಟಿನ ಹೊಲಿಗೆಯಂತೆ ಎದ್ದು ಕಾಣುತ್ತದೆ. ನೂರು ಪಾಲು ರೆಸಿನ್‌ಗೆ, ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಒಂದೆರಡು ಪಾಲು ಸಾಕು. ಸಂಜೆಯೊಳಗೆ ಕೆಲಸ ಮುಗಿಯಲಿ ಅಂತ ಜಾಸ್ತಿ ಸುರಿದರೆ ಕಾದು ಬಿರಿಯುತ್ತದೆ. ಭುಜದ ಮೂಳೆ ಬಿರಿದಿದೆ. ಅದಕ್ಕಿಟ್ಟ ಹೆಸರು ‘ಪ್ರಾಚೀನ ಲುಕ್’.

ಇನ್ನು ದಂತ. ಮ್ಯಾಮತ್ ದಂತ ಹೊರಕ್ಕೆ ಬಾಗಿ ತುದಿಯಲ್ಲಿ ಒಳಕ್ಕೆ ತಿರುಗಬೇಕು. ಎಡದ್ದನ್ನು ಬಲಕ್ಕೆ ಸಿಕ್ಕಿಸಿರುವುದರಿಂದ ಇಲ್ಲಿ ತುದಿಗಳು ಒಂದು ಹೆಬ್ಬಾಳದ ಕಡೆ, ಇನ್ನೊಂದು ಚಾಮುಂಡಿಬೆಟ್ಟದ ಕಡೆ. ಕಂಟ್ರಾಕ್ಟರನ್ನು ಬೈಯಬೇಡಿ, ಇದಕ್ಕೆ ಘನ ಪರಂಪರೆಯಿದೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1808ರಲ್ಲಿ, ಸೈಬೀರಿಯಾದಲ್ಲಿ ಸಿಕ್ಕ ‘ಆಡಮ್ಸ್ ಮ್ಯಾಮತ್’ನ ಮೂಳೆ ಜೋಡಿಸಿದ ವಿಜ್ಞಾನಿ ಟಿಲೆಸಿಯಸ್ ಕೂಡ ದಂತ ಅದಲುಬದಲು ಮಾಡಿದ್ದ. ಅದನ್ನು ತಿದ್ದಿದ್ದು 1899ರಲ್ಲಿ. ಪಾಪ, ನೋಡಿಕೊಂಡು ಮಾಡಲು ಅವನಿಗಿದ್ದದ್ದು ನಮ್ಮ ಕಡೆಯ ಆನೆಯದೊಂದು ಅಸ್ಥಿಪಂಜರ. ನಮ್ಮವರ ಜೇಬಿನಲ್ಲಿ ಮೊಬೈಲಿತ್ತು.

ಅಷ್ಟಕ್ಕೂ ಸೈಬೀರಿಯಾದ ಪ್ರಾಣಿಯೇ ಯಾಕೆ? ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟದಲ್ಲಿ ಸಿಕ್ಕ, ಆನೆಯ ಅಳಿದುಹೋದ ಬಂಧು ಸ್ಟೆಗೊಡಾನ್ ಗಣೇಶ ಇರಲಿಲ್ಲವೇ! ಅದರ ದಂತಗಳು ಎಷ್ಟು ಒತ್ತೊತ್ತಾಗಿವೆ ಎಂದರೆ ನಡುವೆ ಸೊಂಡಿಲು ತೂರಲು ಜಾಗವಿಲ್ಲ. ಎಡಬಲ ತಪ್ಪಿದ್ದರೂ ಇಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ಹೆಸರಲ್ಲೇ ಗಣೇಶ ಇರುವಾಗ ಫೈಲಿಗೂ ವಿಘ್ನ ಬರುತ್ತಿರಲಿಲ್ಲ.

ಸುತ್ತ ಬೇಲಿ, ‘ಮುಟ್ಟಬಾರದು’ ಬೋರ್ಡು, ಪೀಪಿ ಊದಲು ಒಬ್ಬ ಗಾರ್ಡು. ಅಲ್ರೀ, ಮೂಲ ಮೂಳೆ ಬೀರುವಿನಲ್ಲಿ ಭದ್ರವಾಗಿರಲಿ, ಮಕ್ಕಳು ಇದನ್ನಾದರೂ ಮುಟ್ಟಿ ನೋಡಲಿ ಅಂತಲೇ ಅಲ್ಲವೇ ಪ್ರತಿಕೃತಿ ಮಾಡುವುದು? ಅದೂ ಬೇಡವೆಂದರೆ ನಮ್ಮ ತೆರಿಗೆ ದುಡ್ಡಲ್ಲಿ ಇದನ್ನು ಯಾರಿಗೆ ಅಂತ ಮಾಡಿಸಿದಿರಿ? ದಂತ ತಿದ್ದಲು ಬೋಲ್ಟು ಬಿಚ್ಚಿ ಹಾಕಿದರೆ ಆಯಿತು, ಒಂದು ದಿನದ ಕೆಲಸ. ಅದನ್ನೂ ಮಾಡುವುದಿಲ್ಲ.

ಆದರೆ ದಸರಾ ಬಂತಲ್ಲ, ಫುಟ್‌ಪಾತ್ ಕಲ್ಲಿಗೆ ಬಳಿದು ಮಿಕ್ಕ ಬಿಳಿ ಎನಾಮಲ್ಲು ಮೂಳೆಗೂ ಬಿದ್ದಿದೆ. ಸೀರಿಯಲ್ ಸೆಟ್ ಕಟ್ಟಲು ಬೆನ್ನುಮೂಳೆಗೆ ಡ್ರಿಲ್ ಹೊಡೆದಿದ್ದಾರೆ. ಆ ತೂತಿನಿಂದ ಮಳೆನೀರು ಇಳಿದು ಒಳಗಿನ ಕಬ್ಬಿಣದ ಪೈಪು ತುಕ್ಕು ಹಿಡಿದಿದೆ. ತುಕ್ಕು ಊದಿದಂತೆ ಮೇಲಿನ ಫೈಬರ್ ಸೀಳುತ್ತದೆ. ಪಕ್ಕೆಯಲ್ಲಿ ಈಗಾಗಲೇ ಕೆಂಪು ನೀರು ಸೋರುತ್ತಿದೆ. ರಕ್ತವಿರಬೇಕು ಅಂದುಕೊಂಡು ಜನ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾರೆ.