ಕಿತ್ತಿದ್ದು ಸರಿ, ಇಟ್ಟಿದ್ದೆಲ್ಲಿ?

ಚಿಕ್ಕಬಳ್ಳಾಪುರ ದಾಟಿದ ಮೇಲೆ ಹೈವೇ ಪಕ್ಕ ನಾನು ಹಿಟ್ಟು ಉಣ್ಣುವ ಹೋಟೆಲೊಂದಿದೆ. ನಮ್ಮ ಕಡೆ ಹಿಟ್ಟು ಅಂದರೆ ಪುಡಿಯಲ್ಲ, ಮುದ್ದೆ. ಗಲ್ಲಾಪೆಟ್ಟಿಗೆ ಮೇಲೆ ಬೋರ್ಡು: ‘ಹಿಟ್ಟಂ ತಿಂದವ ಬೆಟ್ಟವಂ ಕಿತ್ತಿಟ್ಟಂ – ಸರ್ವಜ್ಞ’. ಎದುರಿನ ಫ್ಲೆಕ್ಸಿನಲ್ಲಿ ಅದೇ ಮಾತು ಕನಕದಾಸರದು. 2023ರ ಸಿರಿಧಾನ್ಯ ವರ್ಷದಲ್ಲಿ ಭಾಷಣಕ್ಕೆ ಬಂದವರೊಬ್ಬರು ಅದನ್ನು ಬಸವಣ್ಣನವರ ಖಾತೆಗೂ ಜಮಾ ಮಾಡಿ ಹೋದರು.

ಸರ್ವಜ್ಞನದು ತ್ರಿಪದಿ. ಇಲ್ಲಿ ಮೂರನೇ ಸಾಲೇ ನಾಪತ್ತೆ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ ರಾಗಿಯನ್ನು ಗೆಲ್ಲಿಸಿದ್ದು ನಿಜ. ಹಾಗಂತ ರಾಗಿಯ ಮೇಲಿನ ಗಾದೆಯೆಲ್ಲ ಅವರ ತಲೆಗೇ ಕಟ್ಟೋದಾ? ಕೊನೆಯ ‘ಅಂ’ ನೋಡಿ ಪಂಪನ ಕಾಲದ್ದು ಅನ್ನುವವರೂ ಇದ್ದಾರೆ. ಹಾಗಿದ್ದರೆ ‘ತಿಂದವ’ ಯಾಕೆ ‘ತಿಂದವಂ’ ಆಗಲಿಲ್ಲ? ತಲೆಗೆ ಹಳೆಗನ್ನಡದ ಪೇಟ, ಕೆಳಗೆ ಪಟ್ಟಾಪಟ್ಟಿ ಚಡ್ಡಿ! ಹೊಟ್ಟೆ ತುಂಬಿದ ಯಾವನೋ ತುಂಟ ಕಟ್ಟಿದ್ದು ಅಂತ ನನ್ನ ಗುಮಾನಿ.

2007ರಲ್ಲಿ ಕೋಲಾರ ಜಿಲ್ಲೆ ಒಡೆದಾಗ ನಂದಿ ಬೆಟ್ಟ ನಮಗೆ ಬಂತು, ಅಂತರಗಂಗೆ ಅವರಿಗೆ ಉಳೀತು. ಗಾದೆ ಮಾತ್ರ ಪಾಲಾಗಲಿಲ್ಲ. ಅದಕ್ಕೇ ‘ನಮ್ಮ ಮಣ್ಣಿನ ಮಾತು’ ಅಂತ ಎರಡೂ ಕಡೆ ಮೈಕು ಹಿಡಿಯುತ್ತಾರೆ.

ನನ್ನ ತಕರಾರು ಬೇರೆ. ಕಿತ್ತಿದ್ದು ಸರಿ. ಆ ‘ಇಟ್ಟಂ’ ಇದೆಯಲ್ಲ, ಇಟ್ಟಿದ್ದೆಲ್ಲಿ? ಇದನ್ನು ಯಾವ ಪಂಡಿತರೂ ಕೇಳಲ್ಲ. ಕ್ರಷರ್ ಪಕ್ಕದ ಬೆಟ್ಟಗಳು ಅರ್ಧ ಮುರಿದಿಟ್ಟ ಮುದ್ದೆ ಥರ ನಿಂತಿವೆ. ಉಳಿದರ್ಧ ಎಲ್ಲಿ ಹೋಯ್ತು?

‘ಇದು ಸರ್ವಜ್ಞನದು ಅಂತ ಯಾರು ಹೇಳಿದ್ರು?’ ಅಂತ ಹೋಟೆಲಿನವರನ್ನೇ ಕೇಳಿದೆ.

‘ಬೋರ್ಡ್ ಬರೆಯೋನು, ಕೆಳಗೆ ಒಂದು ಹೆಸರು ಬೇಡ್ವಾ ಅಂದ. ಜಾಗ ಖಾಲಿ ಇತ್ತು ಸಾರ್, ಹಾಕಿಸ್ದೆ.’

ಅಷ್ಟರಲ್ಲಿ ಟೇಬಲ್ ಮೇಲಿನ ನೀರಿನ ಲೋಟ ನಡುಗಿತು. ಹೊರಗೆ ಟಿಪ್ಪರ್ ನಿಂತಿತು. ಡ್ರೈವರ್ ಬಂದು ನನ್ನೆದುರು ಕೂತ. ಎರಡು ಮುದ್ದೆ, ಬಸ್ಸಾರು. ಮುರಿದ, ಅದ್ದಿದ, ಅಗಿಯದೆ ನುಂಗಿದ. ಎಷ್ಟು ಹೊತ್ತು? ನಾನಿನ್ನೂ ಅರ್ಧದಲ್ಲಿದ್ದೆ.

‘ಏನಪ್ಪಾ ಲೋಡು?’

‘ಜಲ್ಲಿ ಅಣ್ಣಾ.’

‘ಎಲ್ಲಿಗೆ?’

‘ಇನ್ನೆಲ್ಲಿಗೆ, ಬೆಂಗ್ಳೂರ್ಗೆ.’

ಕೈ ತೊಳೆದ, ತೇಗಿದ, ಬೆಟ್ಟವನ್ನು ಸ್ಟಾರ್ಟ್ ಮಾಡಿಕೊಂಡು ಹೊರಟೇಹೋದ.