ಸತ್ಯಾಂಶ: ಕಾರವಾರದ ಬೀಚ್‌ನ ಬಿಳಿ ಚೂರು ಆಕ್ಟೋಪಸ್ ಮೂಳೆಯಲ್ಲ

ಕಾರವಾರದ ಟ್ಯಾಗೋರ್ ಬೀಚ್‌ನಲ್ಲಿ ಬಿದ್ದಿದ್ದ ಬಿಳಿ ಚೂರುಗಳ ಫೋಟೋ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕೆಳಗೆ, 'ಆಳಸಮುದ್ರದ ಆಕ್ಟೋಪಸ್ ಮೂಳೆ, ದಡಕ್ಕೆ ಬಂದರೆ ಸುನಾಮಿ ಗ್ಯಾರಂಟಿ' ಅಂತ ಬರಹ. ಸುಮ್ನೆ ಗಾಬರಿ ಬೇಡ.

ಆಕ್ಟೋಪಸ್‌ಗೆ ಮೂಳೆಯೇ ಇಲ್ಲ. ಫೋಟೋದಲ್ಲಿರುವುದು ಬೊಂಡಾಸ್‌ನ (ಸ್ಕ್ವಿಡ್) ದಾಯಾದಿ ಕಟಲ್‌ಫಿಶ್‌ನ ಮೈಯೊಳಗಿನ ಚಿಪ್ಪು. ಉಗುರಿನಿಂದ ಕೆರೆದರೆ ಸೀಮೆಸುಣ್ಣದ ಹಾಗೆ ಪುಡಿ ಉದುರುತ್ತದೆ, ಮುರಿದರೆ ಒಳಗೆ ತೆಳ್ಳನೆ ಪದರ ಪದರ. ಆ ಪದರಗಳ ನಡುವೆ ಗಾಳಿ, ನೀರು ಹೆಚ್ಚುಕಮ್ಮಿ ಮಾಡಿಕೊಂಡೇ ಕಟಲ್‌ಫಿಶ್ ತೇಲುವುದು. ಲವ್ ಬರ್ಡ್ಸ್ ಪಂಜರದಲ್ಲಿ ಸಿಕ್ಕಿಸಿರುತ್ತಾರಲ್ಲ, ಅದೇ ಇದು.

ಆಳಸಮುದ್ರದ ಮಾತಂತೂ ಪೂರ್ತಿ ಉಲ್ಟಾ. ತೀರಾ ಕೆಳಗಿಳಿದರೆ, ಜಾತಿಗೆ ತಕ್ಕ ಹಾಗೆ ಸುಮಾರು 200ರಿಂದ 600 ಮೀಟರ್‌ನಲ್ಲಿ, ನೀರಿನ ಒತ್ತಡಕ್ಕೆ ಈ ಚಿಪ್ಪು ಒಳಕ್ಕೆ ಕುಸಿದು ಒಡೆಯುತ್ತದೆ. ಅದಕ್ಕೇ ಕಟಲ್‌ಫಿಶ್ ಜಾಸ್ತಿ ಕಡಿಮೆ ಆಳದ ನೀರಲ್ಲೇ ಇರುತ್ತವೆ. ಆಳದವು ಬೇರೆಯೇ: ಆನೆಕಿವಿಯಂಥ ರೆಕ್ಕೆಯ ಡಂಬೋ ಆಕ್ಟೋಪಸ್ ಹಿಂದೂ ಮಹಾಸಾಗರದ ಜಾವಾ ಕಂದಕದಲ್ಲಿ ಸುಮಾರು 6,900 ಮೀಟರ್ ಆಳದಲ್ಲಿ ಕ್ಯಾಮೆರಾಗೆ ಸಿಕ್ಕಿದೆ.

ಹಾಗಾದರೆ ದಡಕ್ಕೆ ಯಾಕೆ ಬರುತ್ತೆ? ಹೆಚ್ಚಿನ ಕಟಲ್‌ಫಿಶ್ ಬದುಕುವುದೇ ಒಂದೆರಡು ವರ್ಷ, ಮೊಟ್ಟೆಯಿಟ್ಟು ಸಾಯುತ್ತವೆ. ಮೈ ಕೊಳೆಯುತ್ತದೆ, ಹಗುರ ಚಿಪ್ಪು ತೇಲಿಕೊಂಡು ಗಾಳಿ ತಳ್ಳಿದ ಕಡೆ ಬರುತ್ತದೆ.